ನಕ್ಷತ್ರ ಹಾಕಿ ತಿದ್ದುವವರು

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ದೊಡ್ಡಪ್ಪ ಇದ್ದಾರೆ. ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು. ಅವರ ಕೆಂಪು ಪೆನ್ನು ಮಾತ್ರ ಇನ್ನೂ ಸರ್ವೀಸಿನಲ್ಲಿದೆ. ಯಾರು ಏನೇ ಬರೆಯಲಿ, ಕೆಳಗೊಂದು ನಕ್ಷತ್ರ, ಅದರ ಪಕ್ಕ ಸರಿಯಾದ ರೂಪ. 'ಹಾರ್ಧಿಕ' ಕಂಡರೆ *ಹಾರ್ದಿಕ. 'ಶುಭಾಷಯ' ಕಂಡರೆ *ಶುಭಾಶಯ. ಹುಟ್ಟುಹಬ್ಬದ ದಿನವಾದರೆ ನಕ್ಕು ಸುಮ್ಮನಾಗಬಹುದು. ಮೊನ್ನೆ ಊರಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಅವರ ಜೊತೆ ಆಯುಷ್ಯವಿಡೀ ಇಸ್ಪೀಟಾಡಿದ ಗೆಳೆಯರು ತಡಕಾಡಿ ಒಂದೇ ಒಂದು ಪದ ಟೈಪ್ ಮಾಡಿದ್ದರು: ಶ್ರದ್ದಾಂಜಲಿ. ನಕ್ಷತ್ರ ಬಿದ್ದೇಬಿಟ್ಟಿತು: *ಶ್ರದ್ಧಾಂಜಲಿ. ಆಮೇಲೆ ಬಂದವರೆಲ್ಲ, ನಮಗ್ಯಾಕೆ ಉಸಾಬರಿ ಎಂದು ಅದನ್ನೇ ಕಾಪಿ ಮಾಡಿ ಅಂಟಿಸಿದರು. ನಕ್ಷತ್ರ ಸಮೇತ.

ಅಷ್ಟಕ್ಕೂ ಆದ ತಪ್ಪೇನು? ಒಂದು ಮಹಾಪ್ರಾಣ. ಅದಕ್ಕೆ ಬಾಯಲ್ಲಿ ಹೇಳುವಾಗ ಉಸಿರು ಜಾಸ್ತಿ ಬೇಕು, ಕೀಲಿಮಣೆಯಲ್ಲಿ ಬೆರಳು ಜಾಸ್ತಿ ಬೇಕು. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಡಿ ಒತ್ತಿದರೆ ದ. ಧ ಬೇಕಿದ್ದರೆ ಶಿಫ್ಟ್ ಹಿಡಿದು ಒತ್ತಬೇಕು. ಇಂಗ್ಲಿಷ್ ಅಕ್ಷರ ಕುಟ್ಟಿ ಕನ್ನಡ ಬರಿಸುವವರು ಎಚ್ ಸೇರಿಸಬೇಕು. ವಯಸ್ಸಾದ ಹೆಬ್ಬೆರಳು ಆ ಪುಟ್ಟ ಚೌಕದ ಮೇಲೆ ಸರಿಯಾಗಿ ಬಿದ್ದರೆ ಅದೇ ದೊಡ್ಡದು.

ಬರೆದದ್ದನ್ನು ತಿದ್ದುವುದು ಇನ್ನೂ ಫಜೀತಿ. ಕಣ್ಣಿಗೆ ಒಂದಾಗಿ ಕಾಣುವ ಅಕ್ಷರ ಫೋನಿನ ಹೊಟ್ಟೆಯಲ್ಲಿ ಒಂದಾಗಿರುವುದಿಲ್ಲ. 'ಸ್ತ್ರೀ' ತಗೊಳ್ಳಿ. ಕಾಗುಣಿತ ಕಲಿತ ಮಗುವಿಗೆ ಅದು ಒಂದು ಅಕ್ಷರ, ಯುನಿಕೋಡ್ ಲೆಕ್ಕದಲ್ಲಿ 6: ಸ, ಹಲಂತ, ತ, ಮತ್ತೊಂದು ಹಲಂತ, ರ, ಕೊನೆಗೆ ಈಕಾರ. ನನ್ನ ಫೋನಿನಲ್ಲಿ ಹಿಂದಿನಿಂದ ಅಳಿಸುತ್ತ ಬಂದರೆ ಮೊದಲು 'ಸ್ತ್ರ' ಉಳಿಯುತ್ತದೆ, ಆಮೇಲೆ 'ಸ್ತ್', ಆಮೇಲೆ 'ಸ್ತ', ಹೀಗೆ ಒಂದೊಂದೇ ಆಭರಣ ಕಳಚುತ್ತ ಬೋಳು 'ಸ'ಕ್ಕೆ ಬರುತ್ತದೆ. ಶ್ರದ್ದಾಂಜಲಿಯಲ್ಲಿ ದ ಒತ್ತನ್ನಷ್ಟೇ ಮುಟ್ಟೋಣವೆಂದರೆ ಕರ್ಸರ್ ಅದರೊಳಗೆ ನುಗ್ಗುವುದೇ ಇಲ್ಲ. 'ದ್ದಾಂ' ಮುಗಿದಲ್ಲಿ ನಿಲ್ಲಿಸಿ, ಸೊನ್ನೆ ಅಳಿಸಿ, ದೀರ್ಘ ಅಳಿಸಿ, ಒತ್ತು ಅಳಿಸಿ, ಅಷ್ಟನ್ನೂ ಮತ್ತೆ ಕಟ್ಟಬೇಕು. ಇನ್ನು ರಾಜ್‌ಕುಮಾರ್ ಹೆಸರು ಬರೆದು ನೋಡಿ. 'ಜ್' ಆದಮೇಲೆ ಕಣ್ಣಿಗೇ ಕಾಣದ ಒಂದು ಅಕ್ಷರ ಕೂರಿಸದಿದ್ದರೆ, ಕ ಹೋಗಿ ಜ ಕಾಲಡಿಗೆ ಒತ್ತಾಗಿ ಕೂತು ಅಣ್ಣಾವ್ರು 'ರಾಜ್ಕುಮಾರ್' ಆಗಿಬಿಡುತ್ತಾರೆ. ಕಾಣದ್ದನ್ನು ಬಿಟ್ಟಿದ್ದಕ್ಕೂ ಬೈಸಿಕೊಳ್ಳುವ ಕರ್ಮ ಇದು. ಅಚ್ಚುಮೊಳೆಯ ಕಾಲದಲ್ಲಿ ತಪ್ಪು ಮೊಳೆಯನ್ನು ಚಿಮಟದಲ್ಲಿ ಕಿತ್ತು ಇನ್ನೊಂದು ಕೂರಿಸುತ್ತಿದ್ದರು. ಕಣ್ತಪ್ಪಿ ಉಳಿದದ್ದಕ್ಕೆ ಪುಸ್ತಕದ ಕೊನೆಯಲ್ಲಿ 'ತಪ್ಪು-ಒಪ್ಪು' ಪಟ್ಟಿ ಇರುತ್ತಿತ್ತು: ಪುಟ, ಸಾಲು, ತಪ್ಪು, ಒಪ್ಪು. ಅದನ್ನು ಓದುತ್ತಿದ್ದವರು ಎಷ್ಟು ಜನವೋ! ಓದಿದವರಾದರೂ ತಮ್ಮ ಪ್ರತಿಯಲ್ಲಿ ಪೆನ್ಸಿಲಿನಿಂದ ತಿದ್ದಿಕೊಂಡು ಸುಮ್ಮನಾಗುತ್ತಿದ್ದರು. ಸಂಸ್ಕಾರ ಅಂದರೆ ಅದು.

ತಪ್ಪು ಹಿಡಿಯುವುದರಲ್ಲಿ ದೊಡ್ಡಪ್ಪನಿಗೊಬ್ಬ ಘನವಾದ ಪೂರ್ವಿಕನಿದ್ದಾನೆ. ಒಂಬತ್ತನೇ ಶತಮಾನದ 'ಕವಿರಾಜಮಾರ್ಗ'ದ ಶ್ರೀವಿಜಯ ಕಾವ್ಯದೋಷಗಳನ್ನು ಉದಾಹರಣೆ ಕೊಟ್ಟು ತೋರಿಸಿ, ತಿದ್ದಿಯೂ ತೋರಿಸಿದವನು. ಅಂಥವನೂ ಒಂದು ಕಡೆ ಕೈಯೆತ್ತುತ್ತಾನೆ: ಒಂದೊಂದು ಸೀಮೆಗೂ ಕನ್ನಡ ಬೇರೆ ಬೇರೆ, ಅದರಲ್ಲಿ ದೋಷ ಇಷ್ಟೇ ಎಂದು ಎಣಿಸಹೊರಟರೆ ವಾಸುಕಿಗೂ ಬೇಸರ ಬಂದೀತು ಎನ್ನುತ್ತಾನೆ. ದೊಡ್ಡಪ್ಪನಿಗೆ ಬೇಸರ ಬಂದ ಲಕ್ಷಣ ಇನ್ನೂ ಕಂಡಿಲ್ಲ.

ಹಾಗಂತ ಹೇಗೆ ಬರೆದರೂ ನಡೆಯುತ್ತದೆ ಎನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. 'ಹಾಸನ'ದ ಹ ಬಿಟ್ಟರೆ ಊರು ಹೋಗಿ ಕುರ್ಚಿ ಉಳಿಯುತ್ತದೆ. ಆದರೆ ದುಃಖದಲ್ಲಿರುವವನ ಅಕ್ಷರ ತಿದ್ದುವುದಕ್ಕೆ ಹೊತ್ತುಗೊತ್ತು ಬೇಡವೇ? ತಡೆಯಲಾಗದಿದ್ದರೆ ಅವರೊಬ್ಬರಿಗೇ ಬರೆದು ತಿಳಿಸಬಹುದು. ಕಳಿಸಿದ ಮೇಲೂ ತಿದ್ದಿಕೊಳ್ಳಲು ವಾಟ್ಸಾಪ್ 2023ರಿಂದ 15 ನಿಮಿಷ ಕೊಡುತ್ತಿದೆ. ಅಷ್ಟರಲ್ಲಿ ಆಗದಿದ್ದರೆ ಬಿಡಿ, ಹೋದವರೇನೂ ಎದ್ದು ಬಂದು ಪ್ರೂಫ್ ನೋಡುವುದಿಲ್ಲ.

ಬೋರ್ಡು ಬರೆಯುವವರ ವಿಷಯ ಬೇರೆ. ಅವರನ್ನು ನಡುಬೀದಿಯಲ್ಲೇ ನಿಲ್ಲಿಸಿ ಕೇಳಬಹುದು. ದುಡ್ಡು ತಗೊಂಡಿರ್ತಾರೆ.