ಪರವೂರಿನ ಯಹೂದಿ ಬೀದಿಯಲ್ಲಿ

ನಮ್ಮೂರು ತಿಳವಳ್ಳಿಯಿಂದ ಹಾನಗಲ್ಲಿಗೆ, ಅಲ್ಲಿಂದ ಶಿರಸಿಗೆ, ಮುಂದೆ ಘಟ್ಟ ಇಳಿದು ಕುಮಟಾಕ್ಕೆ. ಅಲ್ಲಿ ರೈಲು ಹತ್ತಿ ಕೇರಳದ ಆಲುವಾದಲ್ಲಿ ಇಳಿದೆ. ಬಸ್ಸಿನಲ್ಲಿ ಉತ್ತರ ಪರವೂರು ಮುಟ್ಟುವ ಹೊತ್ತಿಗೆ ಮಳೆ ನಿಂತು ಬಿಸಿಲು ಚುರುಗುಟ್ಟುತ್ತಿತ್ತು.

ಕೊಚ್ಚಿಗೆ ಹೋದವರೆಲ್ಲ ಮಟ್ಟಾಂಚೇರಿಯ ಪರದೇಸಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ನೋಡಿ ಬರುತ್ತಾರೆ. 1568ರಲ್ಲಿ ಕಟ್ಟಿದ್ದು. ಚೀನಾದಿಂದ ತರಿಸಿದ ನೀಲಿ ಚಿತ್ರದ ಬಿಲ್ಲೆಗಳು ನೆಲದ ತುಂಬ, ತಲೆಯ ಮೇಲೆ ತೂಗುದೀಪಗಳು. ಅದರ ಚೆಲುವಿಗೆ ಯಾರಾದರೂ ಸೋಲಬೇಕು. ಆದರೆ ಅಲ್ಲಿ ಜನಜಂಗುಳಿ, ನಿಂತು ನೋಡಲು ಬಿಡುವುದಿಲ್ಲ. ಕೇರಳದ ಯಹೂದಿಗಳು ಹೇಗೆ ಬಾಳಿದರು ಎಂದು ತಿಳಿಯಬೇಕಾದರೆ ಪರವೂರಿಗೇ ಹೋಗಬೇಕು. 17ನೇ ಶತಮಾನದ ಆರಂಭದ ಇಲ್ಲಿನ ಸಿನಗಾಗನ್ನು ಮುಜಿರಿಸ್ ಪರಂಪರೆ ಯೋಜನೆಯಲ್ಲಿ ದುರಸ್ತಿ ಮಾಡಿ ಕೇರಳ ಯಹೂದಿಗಳ ಇತಿಹಾಸದ ಮ್ಯೂಸಿಯಂ ಮಾಡಿದ್ದಾರೆ.

ಬೀದಿಗೆ ಮುಖ ಮಾಡಿದ ಬಾಗಿಲಮನೆ, ಅದರಾಚೆ ಅಂಗಳ, ನೆರಳಿನ ಕಂಬಸಾಲು, ಕೊನೆಗೆ ಪ್ರಾರ್ಥನೆಯ ಕೋಣೆ. ನಮ್ಮ ಗುಡಿಗಳಲ್ಲಿ ಮುಖಮಂಟಪ, ನವರಂಗ ದಾಟಿ ಗರ್ಭಗುಡಿಯ ಮುಂದೆ ನಿಲ್ಲುವಂತೆ ಇಲ್ಲೂ ಹಂತಹಂತವಾಗಿ ಒಳಗೆ ಹೋಗಬೇಕು. ಸುಣ್ಣದ ಗೋಡೆ, ಹೆಂಚಿನ ಮಾಡು, ಮರಗೆಲಸ ಎಲ್ಲವೂ ಕೇರಳದ್ದೇ. ನಡುವೆ ಕಟಕಟೆಯುಳ್ಳ ಓದುವ ವೇದಿಕೆ. ಪಶ್ಚಿಮದ ಗೋಡೆಗೆ, ಅಂದರೆ ಜೆರುಸಲೇಮ್ ಇರುವ ದಿಕ್ಕಿಗೆ, ಯಹೂದಿಗಳ ಧರ್ಮಗ್ರಂಥ ತೋರಾದ ಸುರುಳಿಗಳನ್ನು ಇಡುವ ಕೆತ್ತನೆಯ ಪೆಟ್ಟಿಗೆ. ಅದರ ಹೂಬಳ್ಳಿಗಳನ್ನು ಬಹಳ ಹೊತ್ತು ನೋಡಿದೆ. ಮೂಲ ಪೆಟ್ಟಿಗೆ ಇಸ್ರೇಲಿಗೆ ಹೋಗಿದೆ, ಇದು ಅದರ ಪ್ರತಿರೂಪ ಎಂದು ಅಲ್ಲಿದ್ದ ಹೆಣ್ಣುಮಗಳು ಹಿಂದಿಯಲ್ಲಿ ತಿಳಿಸಿದರು.

"ಮೇಲೆ ಹೋಗಿ ನೋಡಿ ಸರ್, ಬಂದವರು ಅದನ್ನೇ ಬಿಟ್ಟು ಹೋಗ್ತಾರೆ" ಎಂದರು.

ಮೇಲಟ್ಟದಲ್ಲಿ ಎರಡನೆಯ ಓದುವ ವೇದಿಕೆಯಿದೆ. ಅದರ ಹಿಂದೆ ಜಾಲರಿ, ಜಾಲರಿಯಾಚೆ ಹೆಂಗಸರು ಕೂರುವ ಜಾಗ. ಹೀಗೆ ಮಹಡಿಯಲ್ಲೂ ವೇದಿಕೆ ಇಡುವುದು ಕೇರಳದ ಸಿನಗಾಗುಗಳ ವೈಶಿಷ್ಟ್ಯ. ಗ್ರಂಥ ಓದುವ ದನಿ ಹೆಂಗಸರಿಗೆ ಅಷ್ಟು ಹತ್ತಿರದಿಂದ ಕೇಳುತ್ತಿತ್ತು. ಈ ಹೆಂಗಸರು ಮದುವೆ, ಹಬ್ಬಗಳ ಹಾಡುಗಳನ್ನು ಮಲಯಾಳದಲ್ಲಿ ಹಾಡಿದರು, ನೋಟುಬುಕ್ಕುಗಳಲ್ಲಿ ಬರೆದಿಟ್ಟುಕೊಂಡರು. 1950ರ ದಶಕದಲ್ಲಿ ಸಮುದಾಯದ ಬಹುಪಾಲು ಜನ ಇಸ್ರೇಲಿಗೆ ಹೊರಟಾಗ ಆ ಪುಸ್ತಕಗಳೂ ಅವರ ಜೊತೆಗೇ ಹೋದವು. ಯಾರೂ ಅವರನ್ನು ಹೊಡೆದೋಡಿಸಲಿಲ್ಲ. ಯಹೂದಿಗಳ ಚರಿತ್ರೆಯಲ್ಲಿ ಹೀಗೆ ಹೇಳಬಹುದಾದ ನಾಡುಗಳು ಬಹಳಿಲ್ಲ.

ಅಲ್ಲಿಂದ ಹತ್ತಿರದ ಚೇಂದಮಂಗಲಕ್ಕೆ ಹೋದೆ. ಅಲ್ಲಿಯ ಸಿನಗಾಗಿನ ಮುಂದೆ ಒಂದು ಗೋರಿಕಲ್ಲಿದೆ. ಇಸ್ರೇಲ್ ಎಂಬವನ ಮಗಳು ಸಾರಾಳದ್ದು, 1269ನೇ ಇಸವಿಯದು. ಭಾರತದಲ್ಲಿ ಸಿಕ್ಕ ಅತ್ಯಂತ ಹಳೆಯ ಹೀಬ್ರೂ ಶಾಸನ ಇದೇ ಎನ್ನುತ್ತಾರೆ. ಆ ಸವೆದ ಅಕ್ಷರಗಳ ಮುಂದೆ ಕೂತಾಗ ನಮ್ಮೂರು ನೆನಪಾಯಿತು. ತಿಳವಳ್ಳಿಯ ಶಾಂತೇಶ್ವರ ಗುಡಿ 1238ರದು. ಸೇವುಣರ ಕಾಲದಲ್ಲಿ ಇಲ್ಲಿ ಕಂಬ ನಿಲ್ಲಿಸಿದವರ ಮಕ್ಕಳ ಕಾಲದಲ್ಲೇ ಅಲ್ಲಿ ಸಾರಾ ತೀರಿಕೊಂಡಿದ್ದಾಳೆ. ಶಾಸನಗಳ ನಡುವೆ ಬೆಳೆದ ನನಗೆ ಆ ಕಲ್ಲು ಪರಕೀಯವೆನಿಸಲಿಲ್ಲ.

ಮರಳುವಾಗ ರೈಲು ಮಂಗಳೂರಿನಲ್ಲಿ ನಿಂತಿತು. ಯಹೂದಿಗಳ ಈ ಕಥೆಯಲ್ಲಿ ನಮ್ಮ ನಾಡಿನ ಪಾಲು ಇರುವುದು ಇಲ್ಲಿ. 12ನೇ ಶತಮಾನದಲ್ಲಿ ಟ್ಯುನೀಸಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಈ ಬಂದರಿನಲ್ಲಿ ಹದಿನೇಳು ವರ್ಷದಷ್ಟು ನೆಲೆಸಿದ್ದ. ಮೆಣಸು, ಅಡಿಕೆ, ಕಬ್ಬಿಣ ಅರೇಬಿಯಾದ ಏಡನ್ ಬಂದರಿಗೆ ಕಳಿಸುತ್ತಿದ್ದ. ಕಂಚಿನ ಕಾರ್ಖಾನೆ ನಡೆಸುತ್ತಿದ್ದ. 1132ರಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಅವನ ವ್ಯವಹಾರ ನೋಡಿಕೊಂಡು ಏಡನ್ನಿನವರೆಗೂ ಹೋಗಿಬಂದವನು ಬೊಮ್ಮ. ದಾಸನಾಗಿದ್ದರೂ ಏಡನ್ನಿನ ವ್ಯಾಪಾರಿಗಳು ತಮ್ಮ ಕಾಗದಗಳಲ್ಲಿ ಅವನ ಹೆಸರೆತ್ತಿ ಕ್ಷೇಮ ಕೇಳುತ್ತಿದ್ದರು. ಆ ಪತ್ರಗಳು ಕೈರೋದ ಬೆನ್ ಎಜ್ರಾ ಸಿನಗಾಗಿನ ಕತ್ತಲಕೋಣೆಯಲ್ಲಿ ನೂರಾರು ವರ್ಷ ಉಳಿದವು. 1896–97ರಲ್ಲಿ ವಿದ್ವಾಂಸ ಸಾಲೊಮನ್ ಶೆಕ್ಟರ್ ಆ ಕೋಣೆಯ ರಾಶಿ ರಾಶಿ ಹಾಳೆಗಳನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಬೊಮ್ಮನ ಕಥೆಯನ್ನು ಲೇಖಕ ಅಮಿತಾವ್ ಘೋಷ್ 1992ರ ತಮ್ಮ 'ಇನ್ ಆನ್ ಆಂಟಿಕ್ ಲ್ಯಾಂಡ್' ಪುಸ್ತಕದಲ್ಲಿ ಜಗತ್ತಿಗೆಲ್ಲ ಹೇಳಿದರು.

ಕೇರಳ ಸರ್ಕಾರ ಹೊರಟುಹೋದವರ ನೆನಪಿಗೆ ಇಡೀ ಕಟ್ಟಡಗಳನ್ನೇ ಉಳಿಸಿದೆ. ನಾವು ಅಷ್ಟು ಮಾಡಬೇಕಿಲ್ಲ. ಮಂಗಳೂರಿನ ಬಿಜೈಯಲ್ಲಿ ಶ್ರೀಮಂತಿ ಬಾಯಿ ಸರ್ಕಾರಿ ವಸ್ತುಸಂಗ್ರಹಾಲಯ ಇದ್ದೇ ಇದೆ. ಅಲ್ಲಿ ಒಂದು ಕೋಣೆಯನ್ನು ಆಶು, ಬೊಮ್ಮ, ಬೆನ್ ಯಿಜು ಇವರಿಗೆ ಮೀಸಲಿಟ್ಟು, ಆ ಪತ್ರಗಳ ಚಿತ್ರಪ್ರತಿಗಳನ್ನು ಕನ್ನಡ, ತುಳು ವಿವರಣೆಯೊಡನೆ ತೂಗುಹಾಕಲಿ. ಪುರಾತತ್ವ ಇಲಾಖೆಯವರೂ ವಿಶ್ವವಿದ್ಯಾಲಯದವರೂ ಇದನ್ನು ಕೈಗೆತ್ತಿಕೊಳ್ಳಬೇಕು.