ಚುಂಚನಕಟ್ಟೆಯ ನೊರೆ, ಜಾತ್ರೆಯ ಬಣ್ಣ
ಕೆ.ಆರ್. ನಗರದ ಬಳಿಯ ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗೆ ಬಡಿದು ನೊರೆಯಾಗುವುದನ್ನು ನೋಡಿದಾಗಲೆಲ್ಲ ಕಪ್ಪು-ಬಿಳುಪು ಕ್ಯಾಮೆರಾ ಬೇಕೆನಿಸುತ್ತದೆ.

ಸಾಮಾನ್ಯ ಕಲರ್ ಸೆನ್ಸರಿನ ಪ್ರತಿ ನಾಲ್ಕು ಪಿಕ್ಸೆಲ್‌ಗಳ ಮೇಲೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ ಫಿಲ್ಟರ್. ಪ್ರತಿ ಪಿಕ್ಸೆಲ್ಲೂ ಒಂದೇ ಬಣ್ಣ ಅಳೆಯುತ್ತದೆ; ಉಳಿದೆರಡನ್ನು ಕ್ಯಾಮೆರಾ ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಅಂದಾಜು ಮಾಡುತ್ತದೆ. 2012ರ ಲೈಕಾ ಎಂ ಮೊನೊಕ್ರೋಮ್‌ನಂಥ ಕ್ಯಾಮೆರಾದಲ್ಲಿ ಆ ಫಿಲ್ಟರೇ ಇಲ್ಲ. ಹಾಗಾಗಿ ಬೆಳಕು ಹೆಚ್ಚು ಸಿಗುತ್ತದೆ. ಮಬ್ಬಿನಲ್ಲೂ ಒದ್ದೆ ಬಂಡೆಯ ತರಿ, ನೊರೆಯ ಎಳೆ ಚೊಕ್ಕವಾಗಿ ಮೂಡುತ್ತವೆ.

ಆದರೆ ಆ ಕ್ಯಾಮೆರಾ ಬಿಟ್ಟ ಬಣ್ಣ ಮತ್ತೆ ಬಾರದು. ಚುಂಚನಕಟ್ಟೆಯಲ್ಲೇ ಜನವರಿಯಲ್ಲಿ ನಡೆಯುವ ದನಗಳ ಜಾತ್ರೆಗೆ ಹೋದರೆ ಎತ್ತಿನ ಕೊಂಬಿನ ಕೆಂಪು ಕುಚ್ಚು, ಆಚೆ ಗದ್ದೆಯ ಹಸಿರು! ಅದಕ್ಕೆ ಕಲರೇ ಸರಿ.

ನೀರಿಗೆ ಬೆಳಕು ಸಾಕು, ಜಾತ್ರೆಗೆ ಬಣ್ಣ ಬೇಕು.