ತಾಮರಶ್ಶೇರಿ ಚುರ ಮತ್ತು ಹಳೆಯ ಅಂಬಾಸಡರ್

ಕಲ್ಲಿಕೋಟೆಯಿಂದ ವಯನಾಡಿಗೆ ಬರುವವರು ಅಡಿವಾರಂ ದಾಟಿದ ಮೇಲೆ ತಾಮರಶ್ಶೇರಿ ಚುರ ಹತ್ತಬೇಕು. ಒಂಬತ್ತು ಕಡಿದಾದ ತಿರುವುಗಳು. ಮೇಲೆ ಲಕ್ಕಿಡಿ, ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರ. ನಮ್ಮ ಕಾಫಿ, ಮೆಣಸು ಇಳಿಯುವುದೂ ಅಂಗಡಿಯ ಸರಕು ಏರುವುದೂ ಇದೇ ದಾರಿಯಲ್ಲಿ. ತಿರುವಿನಲ್ಲಿ ಒಂದು ಉದ್ದದ ಲಾರಿ ಸಿಕ್ಕಿಕೊಂಡಿತೆಂದರೆ ಹಿಂದಿನವರೆಲ್ಲ ಸಾಲಾಗಿ ನಿಲ್ಲುವುದೇ. ಹೊಸ ಕಾರಿನವರಿಗೆ ಇದರಿಂದ ಬೇಸರ ಮಾತ್ರ. ಹಳೆಯ ಅಂಬಾಸಡರಿಗೆ ಜ್ವರವೇ ಬರುತ್ತದೆ.

ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಕೆಲವರ ಮನೆಯಲ್ಲಿ ಇನ್ನೂ ಉಳಿದಿರುವುದರಿಂದ ಈ ಮಾತು. ನಿಂತು ನಿಂತು ಸಾಗುವಾಗ ಬಿಸಿಯೇರಿ, ಬಯಲಿನಲ್ಲಿ ಓಡುವಾಗ ಇಳಿದರೆ ಗಾಳಿ ಸಾಲದು, ಫ್ಯಾನಿನ ಕಡೆ ನೋಡಬೇಕು. ಬಯಲಿನ ಓಟದಲ್ಲೂ ಏರಿದರೆ ರೇಡಿಯೇಟರ್ ಕಟ್ಟಿದೆ, ಇಲ್ಲವೇ ಥರ್ಮೋಸ್ಟ್ಯಾಟ್ ತೆರೆಯುತ್ತಿಲ್ಲ ಎಂದು ಅನುಮಾನಿಸಬೇಕು. ಈ ಕಾರಿನ ಪೆಟ್ರೋಲ್ ಎಂಜಿನ್‌ನಲ್ಲಿ ಫ್ಯಾನ್, ನೀರಿನ ಪಂಪ್, ಡೈನಮೊ ಮೂರಕ್ಕೂ ಒಂದೇ ಬೆಲ್ಟು. ಶಾಖದ ಮುಳ್ಳು ಏರುವಾಗಲೇ ಚಾರ್ಜಿನ ಕೆಂಪು ದೀಪವೂ ಹತ್ತಿದರೆ ಬೆಲ್ಟು ಹೋಯಿತೆಂದೇ ತಿಳಿಯಿರಿ.

2016ರ ಏಪ್ರಿಲ್‌ನಲ್ಲಿ ನಾವು ಕಲ್ಲಿಕೋಟೆಯಲ್ಲಿ ಮದುವೆ ಮುಗಿಸಿ ಊರಿಗೆ ಮರಳುತ್ತಿದ್ದೆವು. ಮನೆಯವರು, ಅತ್ತಿಗೆ, ಮೊಮ್ಮಗ ಜತೆಗಿದ್ದರು. ಗಾಡಿ ನಡೆಸುತ್ತಿದ್ದವನು ಅಣ್ಣನ ಮಗ. ಕಾರು ಹಿಂದಿನ ವರ್ಷವಷ್ಟೇ ಕೈಬದಲಾಗಿ ನಮಗೆ ಬಂದಿತ್ತು. ಆರನೆಯ ತಿರುವಿನಲ್ಲಿ ಸಾಲು ನಿಂತಿತು, ಮುಳ್ಳು ಏರಿತು, ಬಾನೆಟ್ಟಿನ ಸಂದಿಯಿಂದ ಆವಿ ಎದ್ದಿತು. ಕೆಂಪು ದೀಪ ಹತ್ತಿರಲಿಲ್ಲ. ಅಗಲವಾದ ಜಾಗಕ್ಕೆ ಸರಿಸಿ ಎಂಜಿನ್ ಆರಿಸಿದೆವು.

ಹೊತ್ತು ಮುಳುಗುವ ಮೊದಲು ಮನೆ ಸೇರಿ ಊಟ ಮಾಡುವ ಅವಸರ ಎಲ್ಲರಿಗೂ. ಹುಡುಗ ಟವೆಲ್ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಚಾಚಿದ. ಪಕ್ಕದಲ್ಲೇ ಮೊಮ್ಮಗ ಬಗ್ಗಿ ನೋಡುತ್ತಿದ್ದ.

“ಚಿಕ್ಕಪ್ಪ, ನೀರು ಹಾಕಿಬಿಟ್ಟರೆ ಆಯ್ತಲ್ಲ?”

“ಬೇಡ ಮಗಾ, ಮೊದಲು ಅವನನ್ನು ದೂರ ಕರ್ಕೊಂಡು ಹೋಗು,” ಎಂದು ಕೈ ಹಿಡಿದೆವು.

ಒಳಗೆ ಒತ್ತಡ ಇರುವಷ್ಟು ಹೊತ್ತು ನೀರು ನೂರು ಡಿಗ್ರಿ ಮೀರಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಾದೊಡನೆ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ನಮ್ಮ ಪರಿಚಯದ ಲಾರಿ ಚಾಲಕರೊಬ್ಬರ ಕೆನ್ನೆಯಿಂದ ಕುತ್ತಿಗೆಯವರೆಗೆ ಆ ಗುರುತು ಉಳಿದಿದೆ.

ಮುಕ್ಕಾಲು ಗಂಟೆ ಕಾದೆವು. ಅತ್ತಿಗೆ ಬುತ್ತಿ ಬಿಚ್ಚಿದರು, ಬೆಳಕಿರುವಾಗಲೇ ಊಟವಾಯಿತು. ಒಂದು ಚಪಾತಿ ಮಾತ್ರ ಚುರದ ಕೋತಿಗಳ ಪಾಲಾಯಿತು, ಅವಕ್ಕೆ ಯಾವ ಹೊತ್ತಾದರೂ ಸರಿ!

ಆಮೇಲೆ ನೋಡಿದರೆ ಮೇಲಿನ ಹೋಸ್ ಪೈಪು ಕ್ಲಿಪ್ಪಿನ ಬಳಿ ಸೀಳಿತ್ತು. ಡಿಪ್‌ಸ್ಟಿಕ್ ಎಳೆದು ನೋಡಿದೆವು. ಎಣ್ಣೆ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಕಾರನ್ನು ಎಳೆಸಿಕೊಂಡೇ ಹೋಗಬೇಕು. ನಮ್ಮದು ಸರಿಯಿತ್ತು. ಸೀಳಿದ ತುದಿಯನ್ನು ಚಾಕುವಿನಿಂದ ಕತ್ತರಿಸಿ, ಪೈಪನ್ನು ಮತ್ತೆ ತುರುಕಿ ಕ್ಲಿಪ್ ಬಿಗಿದೆವು. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿದೆವು. ಕಾದ ಎಂಜಿನ್‌ಗೆ ತಣ್ಣೀರು ಒಮ್ಮೆಲೇ ಸುರಿದರೆ ಹೆಡ್ ಬಿರುಕು ಬಿಡುವ ಭಯವುಂಟು.

ಮರುದಿನ ಮೆಕ್ಯಾನಿಕ್ ರೇಡಿಯೇಟರ್ ಬಿಚ್ಚಿದಾಗ ಅರ್ಧದಷ್ಟು ನಳಿಗೆಗಳು ಸುಣ್ಣ ಕಟ್ಟಿ ಮುಚ್ಚಿದ್ದವು. ಹಿಂದಿನವರು ಹಾಕಿದ ಬೋರ್‌ವೆಲ್ ನೀರಿನ ಫಲ ಎಂದರು ಅವರು. ಶುಚಿಮಾಡಿಸಿ, ಡಿಸ್ಟಿಲ್ಡ್ ವಾಟರಿನಲ್ಲಿ ಕೂಲೆಂಟ್ ಬೆರೆಸಿ ತುಂಬಿಸಿದೆವು. ಹೋಸ್ ಪೈಪುಗಳೆರಡೂ ಹೊಸವು ಬಂದವು. ಮುಂದಿನ ತಿಂಗಳು ಅದೇ ಚುರದಲ್ಲಿ ಒಂದು ಗಂಟೆ ಸಾಲಿನಲ್ಲಿ ನಿಂತೆವು, ಮುಳ್ಳು ನಡುವಿನಿಂದ ಮೇಲೇರಲಿಲ್ಲ.